ಹಾಲು ಸತ್ತ ಲೆಕ್ಕ



ನಮ್ಮ ಮುರಗೂಡ ಸೀಮೆಯ ಎತ್ತುಗಳಿಗೆ ವರ್ಷಕ್ಕೆ ಎರಡು ಹಬ್ಬ. ಕಾರಹುಣ್ಣಿಮೆಗೆ ಬರುವುದು ಕರ್ನಾಟಕಿ ಬೇಂದೂರ. ಅದಾಗಿ ತಿಂಗಳಿಗೆ ಬರುವುದು ಮಹಾರಾಷ್ಟ್ರೀಯ ಬೇಂದೂರ. ಯಾವ ಮನೆಯಲ್ಲಿ ಯಾವುದು ಎಂಬುದು ಅವರವರ ಹಿರಿಯರ ವಾಡಿಕೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬಾಯಿಗೆ ಹೋಳಿಗೆ, ಇವು ಎರಡರಲ್ಲೂ ಒಂದೇ. ವೇದಗಂಗೆಯ ದಂಡೆಯ ಎತ್ತಿಗೆ ಗಡಿ ಯಾವುದೆಂದು ಗೊತ್ತಿಲ್ಲ. ದನಕ್ಕೆ ಬರುವ ರೋಗಕ್ಕೂ ಗೊತ್ತಿಲ್ಲ. ಹಾಗಿದ್ದರೂ ರೋಗ ಬಂದಾಗಲೆಲ್ಲ ನಾವು ಮೊದಲು ಹುಡುಕುವುದು ಗಡಿಯನ್ನೇ. 'ಅದು ಆಚೆಯಿಂದ ಬಂತು' ಎನ್ನುತ್ತೇವೆ. ಆಚೆಯವರು 'ಈಚೆಯಿಂದ ಬಂತು' ಎನ್ನುತ್ತಾರೆ.

ಇವತ್ತು ನಿಮಗೆ ಮೂರು ರೋಗಗಳ ಕಥೆ ಹೇಳಬೇಕಾಗಿದೆ. ಮೂರೂ ವೈರಾಣುವಿನಿಂದ ಬರುವಂಥವು. ನಾನು ದನದ ಡಾಕ್ಟರಲ್ಲ. ಬ್ಯಾಂಕಿನಲ್ಲಿ ಖಾತೆ ಬರೆದವನು. ಆದ್ದರಿಂದ ಔಷಧದ ಮಾತಿಗಿಂತ ಜಮೆ-ಖರ್ಚಿನ ಮಾತೇ ಹೆಚ್ಚು ಬಂದರೆ ಸಹಿಸಿಕೊಳ್ಳಿರಿ.

ಮೊದಲನೆಯದು ದೊಡ್ಡಬೇನೆ. ಮರಾಠಿಯಲ್ಲಿ ಬುಳಕಾಂಡಿ. ಇಂದಿನ ಹುಡುಗರು ಇದರ ಹೆಸರನ್ನೂ ಕೇಳಿರಲಿಕ್ಕಿಲ್ಲ, ಅದು ನಮ್ಮ ಪುಣ್ಯ. ದನಕ್ಕೆ ಸುಡುವಂಥ ಜ್ವರ, ಕಣ್ಣು ಮೂಗಿನಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ತಡೆಯಿಲ್ಲದ ಭೇದಿ. ಎಂಟು ಹತ್ತು ದಿನದಲ್ಲಿ ಕೊಟ್ಟಿಗೆ ಖಾಲಿ. ಆಕಳು, ಎತ್ತು, ಎಮ್ಮೆ ಎಂಬ ಭೇದವಿರಲಿಲ್ಲ. ಟ್ರ್ಯಾಕ್ಟರ್ ಇಲ್ಲದ ಕಾಲದಲ್ಲಿ ಎತ್ತೇ ರೈತನ ಬಂಡವಾಳ. ಮೃಗಶಿರ ಮಳೆಗೆ ಮೊದಲು ಜೋಡೆತ್ತು ಸತ್ತರೆ ಆ ವರ್ಷದ ಬಿತ್ತಿಗೆ ಹೋಯಿತು. ಬಿತ್ತಿಗೆ ಹೋದರೆ ಸುಗ್ಗಿ ಹೋಯಿತು. ಸುಗ್ಗಿ ಹೋದರೆ ಸಾವಕಾರನ ಬಾಗಿಲು. ಸತ್ತದ್ದು ಎರಡು ಎತ್ತು, ಮುಳುಗಿದ್ದು ಒಂದು ಮನೆತನ.

ಆಗಿನವರು ಏನು ಮಾಡಬೇಕು? ಈ ಸೀಮೆಯ ಹಳ್ಳಿಗಳಲ್ಲಿ ಮರೀಆಯಿಯ ಗಾಡಾ ಕಟ್ಟುವ ಪದ್ಧತಿ ಇತ್ತು. ರೋಗದ ದೇವಿಯನ್ನು ಸಣ್ಣ ಗಾಡಿಯಲ್ಲಿ ಕೂಡಿಸಿ, ಕುಂಕುಮ ಭಂಡಾರ ಹಚ್ಚಿ, ನಿಂಬೆಹಣ್ಣು ಇಟ್ಟು, ವಾದ್ಯ ಬಾರಿಸುತ್ತ ಊರ ಸೀಮೆ ದಾಟಿಸಿ ಬರುವುದು. ಪಕ್ಕದ ಊರಿನವರು ಅದನ್ನು ತಮ್ಮ ಸೀಮೆಯಿಂದ ಮುಂದಿನ ಊರಿಗೆ ದಾಟಿಸುವುದು. ಹೀಗೆ ಗಾಡಿ ಊರಿಂದೂರಿಗೆ ಹೋಗುತ್ತಿತ್ತು. ರೋಗವೂ ಊರಿಂದೂರಿಗೆ ಹೋಗುತ್ತಿತ್ತು. ಹಿರಿಯರನ್ನು ನಗೆಯಾಡಲು ಇದನ್ನು ಹೇಳುತ್ತಿಲ್ಲ. ಬೇರೆ ದಾರಿ ಇಲ್ಲದವರು ಇದ್ದ ದಾರಿ ಹಿಡಿದರು. ಆದರೆ ಈ ಗಾಡಿಯನ್ನು ನೆನಪಿನಲ್ಲಿಡಿರಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಈ ರೋಗ ನಮ್ಮೊಬ್ಬರದೇ ಆಗಿರಲಿಲ್ಲ. 1761ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆಯಲು ಇದೇ ರೋಗ ದೊಡ್ಡ ಕಾರಣ. 1890ರ ದಶಕದಲ್ಲಿ ಆಫ್ರಿಕದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಇದು ನುಗ್ಗಿದಾಗ ಬಹುಪಾಲು ದನಗಳೇ ಉಳಿಯಲಿಲ್ಲ, ದನಗಳ ಹಿಂದೆ ಜನರೂ ಹಸಿವಿನಿಂದ ಸತ್ತರು. 1920ರಲ್ಲಿ ನಮ್ಮ ಕಡೆಯ ಗೂಳಿಬೆನ್ನಿನ ದನಗಳನ್ನು ಬ್ರೆಜಿಲ್ ದೇಶಕ್ಕೆ ಹಡಗಿನಲ್ಲಿ ಸಾಗಿಸುವಾಗ ದಾರಿಯಲ್ಲಿ ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇಳಿಸಿದರು. ರೋಗವೂ ಅಲ್ಲಿ ಇಳಿಯಿತು. ಆ ಹೆದರಿಕೆಯಿಂದಲೇ ಹಲವು ದೇಶಗಳು ಕೂಡಿ 1924ರಲ್ಲಿ ಪ್ಯಾರಿಸ್‌ನಲ್ಲಿ ಪ್ರಾಣಿರೋಗಗಳಿಗಾಗಿ ಒಂದು ಜಾಗತಿಕ ಸಂಸ್ಥೆ ಕಟ್ಟಿದವು. ಒಂದು ದೇಶ ತನ್ನ ಗಡಿಯನ್ನಷ್ಟೇ ಕಾದರೆ ಸಾಲದು ಎಂದು ದೊಡ್ಡ ದೇಶಗಳಿಗೂ ತಿಳಿದದ್ದು ಆಗ.

ನಮ್ಮ ದೇಶದಲ್ಲಿ ಈ ರೋಗದ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಆಯೋಗದ ವರದಿ ಬಂದದ್ದು 1871ರಲ್ಲಿ. 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಶಾಲೆ ತೆರೆಯಿತು. 1893ರಲ್ಲಿ ಅದನ್ನು ಊರುಗಳಿಂದ ದೂರ, ಹಿಮಾಲಯದ ಮುಕ್ತೇಶ್ವರಕ್ಕೆ ಒಯ್ದರು. ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ದೊಡ್ಡಬೇನೆಯ ಸೀರಂ ತಯಾರಿಸಲಿಕ್ಕೆಂದೇ ಸಂಸ್ಥೆ ಸ್ಥಾಪಿಸಿತು. 1920ರ ದಶಕದಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ಈ ವೈರಾಣುವನ್ನು ಆಡಿನ ಮೈಯಿಂದ ಆಡಿನ ಮೈಗೆ ಮತ್ತೆ ಮತ್ತೆ ದಾಟಿಸಿದ. ಹಾಗೆ ದಾಟಿಸುತ್ತ ಹೋದಂತೆ ದನದ ಮಟ್ಟಿಗೆ ಅದರ ಹಲ್ಲು ಮೊಂಡಾಯಿತು. ಅದನ್ನೇ ಲಸಿಕೆಯಾಗಿ ಚುಚ್ಚಿದರೆ ದನ ಬದುಕುತ್ತಿತ್ತು, ಮುಂದೆ ಆ ರೋಗ ಅದರ ಹತ್ತಿರ ಬರುತ್ತಿರಲಿಲ್ಲ. ಬಡವರ ಆಕಳು ಎನ್ನಿಸಿಕೊಳ್ಳುವ ಆಡೇ ಆಕಳನ್ನು ಉಳಿಸಿತು.

1954ರಲ್ಲಿ ಭಾರತ ಸರ್ಕಾರ ದೊಡ್ಡಬೇನೆ ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡಿತು. ಆ ಕಾಲಕ್ಕೆ ವರ್ಷಕ್ಕೆ ಅಂದಾಜು 8,000 ಕಡೆ ರೋಗ ಏಳುತ್ತಿತ್ತು, ಸುಮಾರು 4 ಲಕ್ಷ ದನಗಳಿಗೆ ತಗುಲಿ ಅರ್ಧದಷ್ಟು ಸಾಯುತ್ತಿದ್ದವು. ಹಳ್ಳಿ ಹಳ್ಳಿಗೆ ಲಸಿಕೆಯವರು ಬಂದರು. ರೋಗ ಇಳಿಯಿತು. ಇಳಿದ ಕೂಡಲೇ ನಾವು ಮೈಮರೆತೆವು. 1980ರ ದಶಕದಲ್ಲೂ ದಕ್ಷಿಣದ ರಾಜ್ಯಗಳಲ್ಲಿ ಅದು ಉಳಿದುಕೊಂಡು ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. 1992ರಲ್ಲಿ ಹೊಸದಾಗಿ ಯೋಜನೆ ಹಾಕಿ, ಎಲ್ಲ ರಾಜ್ಯಗಳನ್ನೂ ಒಂದೇ ಲೆಕ್ಕಕ್ಕೆ ತಂದರು. ದೇಶದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ ತಮಿಳುನಾಡಿನಲ್ಲಿ. 2006ರಲ್ಲಿ ಭಾರತ ಈ ಸೋಂಕಿನಿಂದ ಮುಕ್ತವೆಂದು ಪ್ಯಾರಿಸ್ಸಿನ ಸಂಸ್ಥೆ ಒಪ್ಪಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ಸಾರಿದರು. ಮನುಷ್ಯರ ಸಿಡುಬಿನ ನಂತರ ಭೂಮಿಯ ಮೇಲಿಂದ ಪೂರ್ತಿ ಅಳಿಸಿಹೋದ ಎರಡನೆಯ ರೋಗ ನಮ್ಮ ದೊಡ್ಡಬೇನೆ. ಬಂಧುಗಳೇ, ಇದು ಸಣ್ಣ ಮಾತಲ್ಲ.

ಈಗ ಎರಡನೆಯ ರೋಗ. ಅದಕ್ಕೆ ಮೊದಲು ನಮ್ಮ ಕೊಟ್ಟಿಗೆ ಬದಲಾದದ್ದನ್ನು ಹೇಳಬೇಕು. 1963ರಲ್ಲಿ ಕೊಲ್ಹಾಪುರ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಸಂಘ, ಅಂದರೆ ನಮ್ಮ ಗೋಕುಳ, ಹುಟ್ಟಿತು. 1967ರಲ್ಲಿ ಪುಣೆಯ ಹತ್ತಿರದ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು ಬಾಯಫ್ ಸಂಸ್ಥೆ ಕಟ್ಟಿ ಸಂಕರ ತಳಿಯ ಆಕಳನ್ನು ಹಳ್ಳಿಗೆ ತಂದರು. 1970ರಲ್ಲಿ ಕ್ಷೀರಕ್ರಾಂತಿಯ ಯೋಜನೆ ಬಂತು. ಆಚೆ ಕರ್ನಾಟಕದಲ್ಲಿ 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ, 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಹಿಂದೆ ಮನೆಯ ಮಜ್ಜಿಗೆಗೆ, ಮಕ್ಕಳ ಬಾಯಿಗೆ ಇದ್ದ ಹಾಲು ಕ್ಯಾನಿನಲ್ಲಿ ಕೂತು ಪೇಟೆಗೆ ಹೊರಟಿತು. ಹತ್ತು ದಿನಕ್ಕೊಮ್ಮೆ ಹಾಲಿನ ಬಿಲ್ಲು ಕೈಗೆ ಬರತೊಡಗಿತು. ಕಬ್ಬಿನ ರೊಕ್ಕ ವರ್ಷಕ್ಕೊಮ್ಮೆ, ಅದೂ ಗಂಡಸಿನ ಕೈಗೆ. ಹಾಲಿನ ರೊಕ್ಕ ಹತ್ತು ದಿನಕ್ಕೊಮ್ಮೆ, ಬಹಳ ಮನೆಗಳಲ್ಲಿ ಹೆಂಗಸಿನ ಕೈಗೆ. ಉಪ್ಪು, ಎಣ್ಣೆ, ಶಾಲೆಯ ಫೀ, ಭೀಸಿಯ ಹಣ ಎಲ್ಲ ಅದರಲ್ಲೇ. ಎತ್ತಿನ ಮೇಲೆ ನಿಂತಿದ್ದ ಸಂಸಾರ ಮೆಲ್ಲಗೆ ಕೆಚ್ಚಲಿನ ಮೇಲೆ ಬಂದು ನಿಂತಿತು.

ಅಂಥ ಸಂಸಾರಕ್ಕೆ ಬಡಿಯುವುದು ಕಾಲುಬಾಯಿ ಬೇನೆ. ಮರಾಠಿಯಲ್ಲಿ ಲಾಳ್ಯಾ-ಖುರಕೂತ. 1897ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಎಂಬವರು ಇದಕ್ಕೆ ಕಾರಣ ಅತಿ ಸೂಕ್ಷ್ಮ ಸೋಸುಬಟ್ಟಲಲ್ಲೂ ನಿಲ್ಲದ ಒಂದು ವಸ್ತು ಎಂದು ತೋರಿಸಿದರು. ಪ್ರಾಣಿಗಳ ರೋಗಗಳಲ್ಲಿ ವೈರಾಣುವಿನಿಂದ ಬರುವುದೆಂದು ಮೊದಲು ಗೊತ್ತಾದದ್ದು ಇದೇ. ಬಾಯಲ್ಲಿ, ಗೊರಸಿನ ಸಂದಿನಲ್ಲಿ, ಮೊಲೆಯ ಮೇಲೆ ಗುಳ್ಳೆ. ಜೊಲ್ಲು ಸುರಿಯುತ್ತದೆ, ದನ ಮೇವು ಮುಟ್ಟುವುದಿಲ್ಲ, ಕುಂಟುತ್ತದೆ. ಗಾಳಿಯಲ್ಲಿ, ಮೇವಿನಲ್ಲಿ, ಹಾಲಿನ ಕ್ಯಾನಿನಲ್ಲಿ, ನಮ್ಮ ನಿಮ್ಮ ಚಪ್ಪಲಿಯಲ್ಲಿ ಸಾಗುತ್ತದೆ. ಬೆಳೆದ ದನ ಸಾಯುವುದು ಕಡಿಮೆ. ಎಳೆಗರುಗಳು ಮಾತ್ರ ಎದೆಗೆ ಹೊಡೆತ ಬಿದ್ದು ಪಟ್ಟನೆ ಸಾಯುತ್ತವೆ. ದೇಶಿ ದನ ಹೇಗೋ ತಡೆದುಕೊಳ್ಳುತ್ತದೆ, ಹೆಚ್ಚು ಹಾಲು ಕೊಡುವ ಸಂಕರ ತಳಿ ಹೆಚ್ಚು ನರಳುತ್ತದೆ.

ಇಲ್ಲಿ ನನ್ನದೊಂದು ಮಾತು. 1980ರ ಅಕ್ಟೋಬರ್ 2ರಿಂದ ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆ ದೇಶದ ಎಲ್ಲ ಬ್ಲಾಕುಗಳಿಗೂ ಬಂದಿತ್ತು. ನಾನಿದ್ದ ಬ್ಯಾಂಕಿನ ಶಾಖೆಯಿಂದಲೂ ಆಕಳು ಎಮ್ಮೆಗಳಿಗೆ ಸಾಲ ಕೊಡುತ್ತಿದ್ದೆವು. ಗಂಡನಿಲ್ಲದ ಒಬ್ಬ ಹೆಣ್ಣುಮಗಳು ಒಂದು ಜರ್ಸಿ ಆಕಳು ತಂದಿದ್ದಳು. ವರ್ಷವಿಡೀ ಕಂತು ಒಂದು ದಿನ ತಪ್ಪಿದ್ದಿಲ್ಲ. ಒಂದು ಚಳಿಗಾಲ ಕಾಲುಬಾಯಿ ಬೇನೆ ಬಂತು. ಎರಡು ಕಂತು ನಿಂತವು, ಮೂರನೆಯದೂ ನಿಂತಿತು. ಆಕೆ ಶಾಖೆಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

'ಆಕಳಕ್ಕ ವಿಮಾ ಅದನಲ್ಲವಾ' ಎಂದೆ.

'ಅದ್ರಿ. ಕೇಳಿದ್ಯಾ. ಆಕಳ ಸತ್ತಿಲ್ಲ, ರೊಕ್ಕ ಬರೂದಿಲ್ಲಂತ. ಖರೇನ ಐತ್ರಿ ಸಾಹೇಬ್ರ, ಆಕಳ ಸತ್ತಿಲ್ಲ. ಹಾಲ ಸತ್ತಾವ್ರಿ.'

ನನ್ನ ಹತ್ತಿರ ಉತ್ತರವಿರಲಿಲ್ಲ. ನಿಯಮದ ಪ್ರಕಾರ ಆಕೆಗೆ ನೋಟೀಸು ಹೋಗಬೇಕಿತ್ತು, ಹೋಯಿತು. ಅದನ್ನು ಟೈಪು ಮಾಡಿದವನು ನಾನೇ. ಆಕೆ ಆಕಳನ್ನು ಅರ್ಧ ಬೆಲೆಗೆ ಮಾರಿ ಸಾಲ ತೀರಿಸಿದಳು. ನಮ್ಮ ಪುಸ್ತಕದಲ್ಲಿ ಖಾತೆ ಸರಿಯಾಗಿ ಮುಚ್ಚಿತು, ಷರಾ ಕಲಮಿನಲ್ಲಿ 'ಪೂರ್ಣ ವಸೂಲು' ಎಂದು ಬರೆದೆ. ಆ ಎರಡು ಶಬ್ದ ಬರೆದದ್ದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಏಕೆಂದರೆ ಅಲ್ಲಿ ಆದ ನಷ್ಟ ಯಾವ ಪುಸ್ತಕದಲ್ಲೂ ಬೀಳಲಿಲ್ಲ.

ಆ ನಷ್ಟ ಎಷ್ಟು? ಇಂದಿನ ಲೆಕ್ಕದಲ್ಲಿ ಹಾಕಿ ನೋಡೋಣ. ದಿನಕ್ಕೆ 10 ಲೀಟರ್ ಕೊಡುವ ಆಕಳು ಬೇನೆಯಿಂದ 4 ಲೀಟರಿಗೆ ಇಳಿಯಿತೆನ್ನಿರಿ. ದಿನಕ್ಕೆ 6 ಲೀಟರ್ ಖೋತಾ. ಎರಡು ತಿಂಗಳು ಹಾಗೇ ನಡೆದರೆ 360 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೂ 12,600 ರೂಪಾಯಿ. ಹಾಲು ಇಳಿಯಿತೆಂದು ಹಿಂಡಿ, ಹಸಿಮೇವು ನಿಲ್ಲಿಸಲು ಬರುವುದಿಲ್ಲ, ಆ ಖರ್ಚು ಹಾಗೇ ಇರುತ್ತದೆ. ಡಾಕ್ಟರ ಫೀ, ಔಷಧ ಬೇರೆ. ಗಬ್ಬದ ಆಕಳು ಕಂದು ಹಾಕಿದರೆ ಒಂದು ಸೂಲೇ ಹೋಯಿತು. ಕೆಲವು ದನ ವಾಸಿಯಾದ ಮೇಲೂ ಬಿಸಿಲಿಗೆ ತೇಕುತ್ತವೆ, ಬೇಗ ಬೆದೆಗೆ ಬರುವುದಿಲ್ಲ, ಮೊದಲಿನ ಹಾಲಿಗೆ ಮರಳುವುದಿಲ್ಲ. ಎತ್ತಿಗೆ ಬಂದರೆ, ಬಿದರಿ, ಹಮಿದವಾಡಾ ಕಾರಖಾನೆಗೆ ಕಬ್ಬು ಸಾಗಿಸುವ ಗಾಡಿಯವನ ಹಂಗಾಮು ಅಲ್ಲಿಗೇ ನಿಂತಿತು. ಇದೆಲ್ಲ ಕೂಡಿಸಿದರೆ ಬದುಕಿದ ಆಕಳಿಂದ ಆದ ನಷ್ಟ ಸತ್ತ ಆಕಳ ಬೆಲೆಯ ಹತ್ತಿರ ಹೋಗಿ ನಿಲ್ಲುತ್ತದೆ. ಆದರೆ ಸತ್ತ ದನಕ್ಕೆ ಪಂಚನಾಮೆ ಇದೆ, ಬತ್ತಿದ ಕೆಚ್ಚಲಿಗೆ ಪಂಚನಾಮೆ ಇಲ್ಲ.

ಇದೇ ಕಾರಣಕ್ಕೆ ಸರ್ಕಾರಗಳ ಕಣ್ಣು ಈ ರೋಗದ ಮೇಲೆ ಬೀಳಲು ತಡವಾಯಿತು ಎಂದು ನನ್ನ ಅನಿಸಿಕೆ. ದೊಡ್ಡಬೇನೆ ಹೆಣ ಹಾಕುತ್ತಿತ್ತು, 1954ರಲ್ಲೇ ಅದರ ಮೇಲೆ ದಂಡೆತ್ತಿ ಹೋದರು. ಕಾಲುಬಾಯಿ ಬೇನೆಗೆ ಸರ್ಕಾರದಿಂದ ಸಾಮೂಹಿಕ ಲಸಿಕೆಯ ಕಾರ್ಯಕ್ರಮ ಬಂದದ್ದು 2003-04ರಲ್ಲಿ, ಅದೂ ಮೊದಲು ದೇಶದ 54 ಜಿಲ್ಲೆಗಳಿಗೆ ಮಾತ್ರ. 2013ರಲ್ಲಿ ಕರ್ನಾಟಕದ ಕೋಲಾರ, ರಾಮನಗರ ಮುಂತಾದ ಹೈನಿನ ಜಿಲ್ಲೆಗಳಲ್ಲಿ ಈ ಬೇನೆ ಎಂದಿನಂತಿರದೆ ಸಾವಿರಾರು ದನಗಳನ್ನು ಕೊಂದಿತು. ಆಗ ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. 2019ರ ಸೆಪ್ಟೆಂಬರ್ 11ರಂದು ಮಥುರೆಯಲ್ಲಿ ಪ್ರಧಾನಮಂತ್ರಿಗಳು ಹೊಸ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದರು. ಪೂರ್ತಿ ಖರ್ಚು ಕೇಂದ್ರದ್ದು. 2030ರ ಹೊತ್ತಿಗೆ ರೋಗವನ್ನು ಬೇರು ಸಹಿತ ಕೀಳಬೇಕೆಂಬುದು ಅದರ ಗುರಿ. ಆರು ತಿಂಗಳಿಗೊಮ್ಮೆ ಲಸಿಕೆ, ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ.

ಮೂರನೆಯದು ಹೊಸ ಅತಿಥಿ, ಗಂಟುರೋಗ. ನಾವೆಲ್ಲ ಲಂಪಿ ಎನ್ನುತ್ತೇವೆ. 1929ರಲ್ಲಿ ಆಫ್ರಿಕದ ಜಾಂಬಿಯಾದಲ್ಲಿ ಮೊದಲು ಕಂಡದ್ದು, 2019ರಲ್ಲಿ ಒಡಿಶಾಕ್ಕೆ ಕಾಲಿಟ್ಟಿತು. 2022ರಲ್ಲಿ ಗುಜರಾತ, ರಾಜಸ್ಥಾನಗಳಲ್ಲಿ ಹಾವಳಿ ಮಾಡಿ, ಆಗಸ್ಟ್ ತಿಂಗಳಲ್ಲಿ ಜಳಗಾಂವ ಜಿಲ್ಲೆಯ ಮೂಲಕ ಮಹಾರಾಷ್ಟ್ರಕ್ಕೆ ಬಂತು. ಆ ಒಂದು ವರ್ಷ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ದನ ಸತ್ತವು. ನೊಣ, ಸೊಳ್ಳೆ, ಉಣ್ಣೆಗಳು ಇದರ ವಾಹನ. ಎಮ್ಮೆಗೆ ಇದರ ಕಾಟ ಬಹಳ ಕಡಿಮೆ, ಆಕಳು ಎತ್ತುಗಳಿಗೇ ಹೆಚ್ಚು. ಹೀಗಾಗಿ ಪಂಢರಪುರಿ ಎಮ್ಮೆ ಕಟ್ಟಿದ ಮನೆ ಬಚಾವಾಯಿತು, ಸಾಲ ಮಾಡಿ ಸಂಕರ ಆಕಳು ಕಟ್ಟಿದ ಮನೆ ಸಿಕ್ಕಿಬಿತ್ತು. ದನದ ಬಾಜಾರುಗಳನ್ನು ಮುಚ್ಚಿದರು. ಮಗಳ ಮದುವೆಗೆಂದು ಒಂದು ಆಕಳು ಮಾರುವವನು ಮಾರಲಾರದೆ ಕುಳಿತ. ಈ ದನದ ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದೆಂಬ ಸುಳ್ಳು ಸುದ್ದಿ ಬೇರೆ. ಲಂಪಿ ಮನುಷ್ಯರಿಗೆ ಬರುವುದಿಲ್ಲ.

ಔಷಧಕ್ಕೆ ಮತ್ತೆ ಆಡಿನ ಬಾಗಿಲಿಗೇ ಹೋಗಬೇಕಾಯಿತು. ಆಡಿನ ಸಿಡುಬಿನ ಲಸಿಕೆಯನ್ನೇ ದನಕ್ಕೆ ಹಾಕಿದರು, ಎರಡೂ ವೈರಾಣು ಒಂದೇ ಕುಲದವು. ಮಹಾರಾಷ್ಟ್ರದಲ್ಲಿ ಸುಮಾರು 1 ಕೋಟಿ 40 ಲಕ್ಷ ದನ. ಪಶುವೈದ್ಯ ದವಾಖಾನೆಯವರು ಬೆಳಗು ಬೈಗು ಎನ್ನದೆ ಗೋಠಾ ಗೋಠಾ ತಿರುಗಿ ಚುಚ್ಚಿದರು. ಅವರ ಆ ಕೆಲಸಕ್ಕೆ ಕೈಮುಗಿಯಬೇಕು.

ಈಗ ಗಡಿಯ ಮಾತು. 2022ರಲ್ಲಿ ಲಂಪಿಯಿಂದ ಸತ್ತ ಆಕಳಿಗೆ ಮಹಾರಾಷ್ಟ್ರ ಸರ್ಕಾರ ಗೊತ್ತುಮಾಡಿದ ಪರಿಹಾರ 30,000 ರೂಪಾಯಿ, ಎತ್ತಿಗೆ 25,000, ಕರುವಿಗೆ 16,000. ಕರ್ನಾಟಕ ಸರ್ಕಾರ ಗೊತ್ತುಮಾಡಿದ್ದು ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000. ನೋಡಿರಿ, ಮುರಗೂಡದಿಂದ ನಿಪ್ಪಾಣಿಗೆ ಹೋಗುವಷ್ಟರಲ್ಲಿ ಆಕಳ ಬೆಲೆ ಇಳಿಯುತ್ತದೆ, ಎತ್ತಿನ ಬೆಲೆ ಏರುತ್ತದೆ! ಅಣ್ಣನ ಆಕಳು ಈಚೆ, ತಂಗಿಯ ಆಕಳು ಆಚೆ, ಕಚ್ಚಿದ ನೊಣ ಒಂದೇ. ಎರಡೂ ಸರ್ಕಾರಗಳು ಕೈಬಿಡಲಿಲ್ಲ ಎಂಬುದಕ್ಕೆ ಕೃತಜ್ಞತೆ ಹೇಳೋಣ. ಆದರೆ ಇಬ್ಬರ ಪಟ್ಟಿಯಲ್ಲೂ ಇದ್ದದ್ದು ಸತ್ತ ದನದ ಸಾಲು. ನನ್ನ ಮೇಜಿನ ಮುಂದೆ ನಿಂತಿದ್ದ ಆ ಹೆಣ್ಣುಮಗಳು ಹೇಳಿದ ಸತ್ತ ಹಾಲಿಗೆ ಸಾಲಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡಬೇನೆಯ ಚರಿತ್ರೆ ಒಂದು ಪಾಠ ಹೇಳುತ್ತದೆ. ಬೇಲಿಯ ಎರಡೂ ಕಡೆ ಕೂಡಿ ಲಸಿಕೆ ಹಾಕಿದಾಗಲೇ ಅದು ಸೋತಿತು, ಒಂದು ಕಡೆ ಮೈಮರೆತಾಗಲೆಲ್ಲ ಮತ್ತೆ ಎದ್ದಿತು. ನಮ್ಮ ಹತ್ತಿರದ ಆದಮಾಪುರದ ಬಾಳೂಮಾಮಾ ಅವರನ್ನೇ ನೋಡಿರಿ. ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಅಕ್ಕೋಳದಲ್ಲಿ, ಸಮಾಧಿ ಈಚೆ ಆದಮಾಪುರದಲ್ಲಿ, ಅವರ ಹೆಸರಿನ ಕುರಿಹಿಂಡುಗಳು ಇಂದಿಗೂ ಎರಡೂ ಸೀಮೆಯಲ್ಲಿ ಮೇಯುತ್ತವೆ. ಹಿಂಡು ಹೀಗೆ ತಿರುಗುವ ನಾಡಿನಲ್ಲಿ ಒಂದು ರಾಜ್ಯದ ಲಸಿಕೆ ಈ ತಿಂಗಳು, ಇನ್ನೊಂದರದು ಮೂರು ತಿಂಗಳ ನಂತರ ಎಂದರೆ ಬಾಗಿಲು ಹಾಕಿ ಕಿಟಕಿ ತೆರೆದಂತೆ. ಗಡಿಯ ಹಳ್ಳಿಗಳಿಗೆ ಎರಡೂ ಕಡೆ ಒಂದೇ ವಾರದಲ್ಲಿ ಲಸಿಕೆ ಆಗಬೇಕೆಂದು ನಿಮ್ಮ ಪಂಚಾಯತಿಯಲ್ಲಿ, ಹಾಲಿನ ಸಂಘದ ಸಭೆಯಲ್ಲಿ ಕೇಳಿರಿ.

ಲಸಿಕೆಯವರು ಬಂದ ದಿನ 'ಚುಚ್ಚಿದರೆ ಹಾಲು ಇಳಿಯುತ್ತದೆ' ಎಂದು ಆಕಳನ್ನು ಹಿತ್ತಲಲ್ಲಿ ಬಚ್ಚಿಡಬೇಡಿರಿ. ಎರಡು ಮೂರು ದಿನ ಸ್ವಲ್ಪ ಇಳಿದೀತು, ಬೇನೆ ಬಂದರೆ ಎರಡು ತಿಂಗಳು ಇಳಿಯುತ್ತದೆ. ಕಿವಿಯ ಬಿಲ್ಲೆ ಬಿದ್ದಿದ್ದರೆ ಮರುದಿನವೇ ಹೊಸದು ಹಾಕಿಸಿರಿ. ಬಿಲ್ಲೆ ಇಲ್ಲದ ದನಕ್ಕೆ ವಿಮೆಯ ಹಣ ಸಿಗದೆ ಅತ್ತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ದನಕ್ಕೆ ಜೊಲ್ಲು ಸುರಿದರೆ, ಮೈಮೇಲೆ ಗಂಟು ಎದ್ದರೆ ಮುಚ್ಚಿಡದೆ ಅದನ್ನು ಬೇರೆ ಕಟ್ಟಿ ದವಾಖಾನೆಗೆ ತಿಳಿಸಿರಿ. ಮತ್ತೊಂದು ಮಾತು, ಇದು ಹಳೆಯ ಗುಮಾಸ್ತನ ಚಟ ಎಂದುಕೊಳ್ಳಿರಿ: ಒಂದು ವಹಿ ಇಡಿರಿ. ದಿನಕ್ಕೆ ಎಷ್ಟು ಲೀಟರ್, ಬೇನೆ ಬಂದದ್ದು ಯಾವ ತಾರೀಖು, ಹಾಲು ಇಳಿದದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂದು ಬರೆಯಿರಿ. ಹತ್ತು ಊರಿನ ನೂರು ವಹಿಗಳು ಕೂಡಿದರೆ 'ಹಾಲು ಸತ್ತಿದೆ' ಎಂಬ ಮಾತಿಗೆ ಪುರಾವೆ ಸಿಗುತ್ತದೆ. ಬರೆಯದ ನಷ್ಟವನ್ನು ಯಾವ ಸರ್ಕಾರವೂ, ಯಾವ ಬ್ಯಾಂಕೂ ತುಂಬಿಕೊಡಲಾರದು.

ಮರೀಆಯಿಯ ಗಾಡಿಯನ್ನು ನೆನಪಿಡಲು ಹೇಳಿದ್ದೆನಲ್ಲ. ಆ ಗಾಡಿಯನ್ನು ನಾವು ಇನ್ನೂ ಪೂರ್ತಿ ಬಿಟ್ಟಿಲ್ಲ. ರೋಗದ ದನವನ್ನು ಸುಮ್ಮನೆ ದೂರದ ಸಂತೆಗೆ ಒಯ್ದು ಮಾರಿ ಬರುವವನು, 'ಅದು ಆಚೆಯವರ ಕೆಲಸ' ಎಂದು ಕೈಕಟ್ಟುವವನು, ಇಬ್ಬರೂ ಅದೇ ಗಾಡಿಯನ್ನು ತಳ್ಳುತ್ತಿದ್ದಾರೆ. ಸೀಮೆ ದಾಟಿಸಿದ್ದು ಸುತ್ತಿ ಬಂದು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ಮುಂದಿನ ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಾಗ ಅದರ ಕಿವಿಯನ್ನೂ ಒಮ್ಮೆ ನೋಡಿರಿ, ಬಿಲ್ಲೆ ಇದೆಯೋ ಇಲ್ಲವೋ ಎಂದು.